ಏಳನೆಯ ದಿನದ ತಪಾಸಣೆ

ಮೊಳಕಾಲ್ಮೂರಿನ ಕ್ಲಬ್ಬಿಗೆ ಇಪ್ಪತ್ತು ಸಹಿ ಬೇಕಿತ್ತು. ಹದಿನೆಂಟು ಸಿಕ್ಕಿದ್ದವು. ಉಳಿದ ಎರಡಕ್ಕೆಂದು ಒಂದು ಶನಿವಾರ ಬೆಳಗ್ಗೆ ಚಳ್ಳಕೆರೆಯಲ್ಲಿ ಬಸ್ಸು ಹತ್ತಿದೆ. ತೊಡೆಯ ಮೇಲೆ ಅರ್ಜಿ ಇಟ್ಟ ಪ್ಲಾಸ್ಟಿಕ್ ಫೈಲು, ಜೇಬಿನಲ್ಲಿ ಎರಡು ಪೆನ್ನು. ಸಹಿ ಹಾಕುವ ಹೊತ್ತಿಗೆ ಪೆನ್ನು ಬರೆಯದಿದ್ದರೆ ಮನುಷ್ಯ ಮನಸ್ಸು ಬದಲಾಯಿಸುತ್ತಾನೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತ್ತು.

ಕೆಲಸವೆಂದರೆ ಹೊಸ ಸೇವಾ ಕ್ಲಬ್ಬುಗಳನ್ನು ಹುಟ್ಟಿಸುವುದು. ನಮ್ಮ ಸಂಸ್ಥೆಯ ಲೆಕ್ಕದಲ್ಲಿ ಭಾರತ, ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಭೂತಾನ, ಮಾಲ್ಡೀವ್ಸ್ ಸೇರಿ ಒಂದು ವಲಯ. ವಲಯದ ಕಚೇರಿ ಕೊಲಂಬೊದಲ್ಲಿತ್ತು. ಕ್ಲಬ್ಬಿನ ಸದಸ್ಯರೆಲ್ಲ ಸ್ವಯಂಸೇವಕರು. ನಾನು ಮಾತ್ರ ಸಂಬಳದವನು, ಹುದ್ದೆಯ ಹೆಸರು ವಿಸ್ತರಣಾ ಸಂಯೋಜಕ. ಕ್ಲಬ್ ಇಲ್ಲದ ಊರಿಗೆ ಹೋಗಿ, ಬೇರೆ ಬೇರೆ ಕಸುಬಿನ ಇಪ್ಪತ್ತು ಜನರನ್ನು ಹುಡುಕಿ, ಎರಡು ಸಭೆ ನಡೆಸಿ, ಪದಾಧಿಕಾರಿಗಳನ್ನು ಆರಿಸಿ, ಅರ್ಜಿ ಕಳಿಸಬೇಕು. ಮೊದಲ ಸೇವಾ ಕಾರ್ಯ ಮುಗಿದು, ಅದರ ವರದಿ ಫೋಟೊ ಸಮೇತ ಕೊಲಂಬೊ ತಲುಪಿದ ಮೇಲೆ ಮಾನ್ಯತೆ ಪತ್ರ ಬರುತ್ತದೆ. ಆರು ದೇಶಗಳಲ್ಲಿ ನನ್ನಂಥವರು ಅನೇಕರಿದ್ದರು. ವಾರಕ್ಕೊಮ್ಮೆ ಎಲ್ಲರೂ ಪರದೆಯ ಮೇಲೆ ಸೇರುತ್ತಿದ್ದೆವು. ಯಾರ ಪಾಲಿನಲ್ಲಿ ಎಷ್ಟು ಹೊಸ ಊರು ಎಂಬುದನ್ನು ನಿರ್ದೇಶಕರು ಓದುತ್ತಿದ್ದರು. ನನ್ನ ಹೆಸರು ಮೇಲಿನ ಸಾಲಿನಲ್ಲೇ ಇರುತ್ತಿತ್ತು. ಅದು ನನಗೆ ಇಷ್ಟವಾಗುತ್ತಿತ್ತು.

ಹತ್ತೊಂಬತ್ತನೆಯ ಸಹಿ ಒಬ್ಬ ಮೆಕ್ಯಾನಿಕ್‌ನದು. ನಮ್ಮ ಮನೆಯಂತೆಯೇ ಅವನ ಮನೆಯಲ್ಲೂ ಉರ್ದು. ವ್ಯಾನೊಂದರ ಅಡಿಯಿಂದಲೇ ಕೈ ಚಾಚಿ, "ತುಮೇ ಬೋಲೆ ತೋ ಡಾಲ್ತೂಂ ಭಾಯಿ," ನೀವು ಹೇಳಿದರೆ ಹಾಕುತ್ತೇನೆ ಎಂದು, ಗ್ರೀಸ್ ಕೈಯಲ್ಲೇ ಸಹಿ ಹಾಕಿದ. ಇಪ್ಪತ್ತನೆಯದು ಶಾಲೆಯೊಂದರ ಮುಖ್ಯ ಶಿಕ್ಷಕಿಯದು. ಅವರು ನಮೂನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

"ಸಹಿ ಹಾಕಿದ್ ಮೇಲೆ ನಾವೇನ್ ಮಾಡ್ಬೇಕು ಸಾಬ್ರೆ?"

"ತಿಂಗಳಿಗೆ ಎರಡು ಸಭೆ ಮೇಡಂ. ಅದರಲ್ಲಿ ಒಂದಕ್ಕೆ ಬಂದ್ರೂ ನಡೀತೈತೆ."

"ನಾನು ಕೆಲಸ ಏನು ಅಂತ ಕೇಳ್ದೆ. ಸಭೆ ಎಷ್ಟು ಅಂತ ಅಲ್ಲ."

ನಾನು ನಕ್ಕು, ಮೊದಲ ಕೆಲಸ ಕಣ್ಣಿನ ಶಿಬಿರ, ಅದಕ್ಕೆ ನಿಮ್ಮ ಶಾಲೆಯೇ ಬೇಕು ಎಂದೆ. ಅವರು ಸಹಿ ಹಾಕಿದರು.

ಕಣ್ಣಿನ ಶಿಬಿರವನ್ನು ನಾನು ಆರಿಸಿಕೊಳ್ಳಲು ಕಾರಣವಿತ್ತು. ಮೊಳಕಾಲ್ಮೂರಿನಲ್ಲಿ ಮನೆಮನೆಯಲ್ಲೂ ರೇಷ್ಮೆ ಸೀರೆ ನೇಯುತ್ತಾರೆ. ಕೂದಲಿಗಿಂತ ತೆಳ್ಳಗಿನ ಎಳೆಯನ್ನು ದಿನವಿಡೀ ನೋಡುವ ಜನ. ವಯಸ್ಸಾದಂತೆ ಕಣ್ಣಿಗೆ ಪೊರೆ ಬಂದರೆ ಮಗ್ಗವೇ ನಿಲ್ಲುತ್ತದೆ. ಶಿಬಿರ ಮಾಡಿದರೆ ಜನ ಬರುತ್ತಾರೆ, ಹಸಿರು ಪಟ್ಟಿ ಕಟ್ಟಿಕೊಂಡು ಸಾಲಾಗಿ ಕೂತವರ ಫೋಟೊ ಚೆನ್ನಾಗಿ ಬರುತ್ತದೆ. ಫೋಟೊದ ಈ ಎರಡನೆಯ ಕಾರಣವನ್ನು ಆಗ ನಾನು ಯಾರಿಗೂ ಹೇಳುತ್ತಿರಲಿಲ್ಲ.

ಮೂರು ಗಂಟೆ ದಾರಿಯ ಊರೊಂದರ ಕಣ್ಣಾಸ್ಪತ್ರೆ ಒಪ್ಪಿಕೊಂಡಿತು. ಎರಡು ಪುಟದ ಒಪ್ಪಂದ. ತಪಾಸಣೆ, ಶಸ್ತ್ರಚಿಕಿತ್ಸೆ, ಔಷಧಿ ಅವರದು. ಜನರನ್ನು ಸೇರಿಸುವುದು, ಏಳನೆಯ ದಿನ ಮತ್ತೆ ತಪಾಸಣೆಗೆ ಕರೆತರುವುದು, ಬಾರದವರ ಮನೆಗೆ ಹೋಗಿ ನೋಡುವುದು ಕ್ಲಬ್ಬಿನದು. ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ರೇಷ್ಮೆ ನೂಲಿನ ವ್ಯಾಪಾರಿ ಅಂದು ಬರುವುದು ತಡವಾಯಿತು. ಕ್ಲಬ್ಬಿನ ಪರವಾಗಿ ನಾನೇ ಸಹಿ ಮಾಡಿದೆ.

ಶಿಬಿರ ನಡೆದದ್ದು ಭಾನುವಾರ. ಒಂದು ಕೋಣೆಯಲ್ಲಿ ಅಕ್ಷರದ ಹಲಗೆ, ಇನ್ನೊಂದರಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ, ಮೂರನೆಯದರಲ್ಲಿ ವೈದ್ಯರು. ಬಸ್ಸು ಕಳಿಸಬೇಕಾದರೆ ಕನಿಷ್ಠ ಮೂವತ್ತು ಮಂದಿಯಾದರೂ ಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಇಪ್ಪತ್ತೊಂಬತ್ತು ಹೆಸರು ಬರೆದಾಗಿತ್ತು. ಆಗ ಹೊರಗಿನ ಕಟ್ಟೆಯ ಮೇಲೆ ನೇಕಾರ ದಂಪತಿ ಕೂತು ತೆಲುಗಿನಲ್ಲಿ ಮೆಲ್ಲಗೆ ಜಗಳವಾಡುವುದು ಕೇಳಿಸಿತು. ಹೆಂಗಸಿಗೆ ಐವತ್ತು ದಾಟಿತ್ತು. ಬಲಗಣ್ಣಿನ ಪೊರೆ ತೆಗೆಯಬೇಕೆಂದು ವೈದ್ಯರು ಚೀಟಿ ಬರೆದಿದ್ದರು. ಅವರಿಗೆ ಮನಸ್ಸಿರಲಿಲ್ಲ.

"ಕಣ್ಣೇನ್ ಪೂರ್ತಿ ಹೋಗಿಲ್ಲ ಸಾಬ್ರೆ," ಎಂದರು ನನ್ನನ್ನು ನೋಡಿ. "ಮಸುಕು ಮಸುಕು ಕಾಣ್ತೈತೆ. ಅಂಚಿಗೆ ಹಾಕೋ ಎಳೇಲಿ ಕೆಂಪ್ಯಾವ್ದು, ಕಂದ್ಯಾವ್ದು ತಿಳಿಯಲ್ಲ, ಅಷ್ಟೇ. ಇವ್ರನ್ನ ಕೇಳ್ಕೊಂಡು ನೇಯ್ತೀನಿ."

"ಭಯ ಇವ್ಳಿಗೆ," ಎಂದರು ಗಂಡ.

"ಭಯ ಅಲ್ಲ. ಇರೋದೂ ಹೋದ್ರೆ ಏನ್ ಮಾಡ್ಲಿ?"

ನಾನು ಅವರ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಅಕ್ಕಾ, ನಮ್ಮ ಅಮ್ಮೀಗೂ ಮಾಡ್ಸೀನಿ. ಈಗ ಅಕ್ಕೀಲಿ ಕಲ್ಲು ಆರಿಸ್ತಾರೆ. ಹತ್ತು ನಿಮಿಷದ ಕೆಲಸ."

"ಹೆಚ್ಚುಕಮ್ಮಿ ಆದ್ರೆ?"

"ನಾನಿದ್ದೀನಲ್ಲ. ಶಿಬಿರದ ಕಾರ್ಡು ಕೊಡ್ತಾರಲ್ಲ, ಅದರ ಹಿಂದೆ ನನ್ ನಂಬರ್ ಐತೆ. ಒಂದು ಫೋನ್ ಮಾಡ್ರಿ, ಬರ್ತೀನಿ."

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆ ಮಸುಕು ಕಣ್ಣಿಗೆ ಏನು ಕಂಡಿತೋ, ಎದ್ದು ಹೋಗಿ ಹೆಸರು ಬರೆಸಿದರು. ಅದು ಮೂವತ್ತನೆಯ ಹೆಸರು. ನನಗೆ ನಿರಾಳವಾಯಿತು. ಊಟದ ನಂತರ ಇನ್ನಿಬ್ಬರು ತಾವಾಗಿಯೇ ಬಂದರು. ಆ ಅಕ್ಕನನ್ನು ನಾನು ಒತ್ತಾಯಿಸದೆ ಇದ್ದಿದ್ದರೂ ಬಸ್ಸು ಹೊರಡುತ್ತಿತ್ತು.

ಸೋಮವಾರ ಶಸ್ತ್ರಚಿಕಿತ್ಸೆ ಆಯಿತು. ಮಂಗಳವಾರ ಮೂವತ್ತೆರಡು ಮಂದಿಯೂ ಬಸ್ಸಿನಲ್ಲಿ ಮರಳಿದರು. ಶಾಲೆಯ ಅಂಗಳದಲ್ಲಿ ಅವರನ್ನು ಕೂಡಿಸಿ ಆಸ್ಪತ್ರೆಯ ಸಹಾಯಕಿ ಎಲ್ಲ ವಿವರಿಸಿದಳು. ದಿನಕ್ಕೆ ಆರು ಸಲ ಹನಿ ಬಿಡಬೇಕು, ಮೊದಲು ಕೈ ತೊಳೆಯಬೇಕು, ಕಣ್ಣಿಗೆ ನೀರು ತಾಗಿಸಬಾರದು, ಉಜ್ಜಬಾರದು. ನೋವು, ಕೆಂಪು, ಕೀವು ಕಂಡರೆ ಕೂಡಲೇ ತಿಳಿಸಬೇಕು. ಮುಂದಿನ ಸೋಮವಾರ, ಅಂದರೆ ಏಳನೆಯ ದಿನ, ಇದೇ ಶಾಲೆಗೆ ಬರಬೇಕು. ನಾನು ಹಸಿರು ಪಟ್ಟಿಯವರನ್ನು ಸಾಲಾಗಿ ಕೂರಿಸಿ ಫೋಟೊ ತೆಗೆದು, ಅಂದೇ ಸಂಜೆ ಕೊಲಂಬೊಗೆ ಕಳಿಸಿದೆ. ಗುರುವಾರ ಮಾನ್ಯತೆ ಸಿಕ್ಕಿತು. ಅಷ್ಟು ಬೇಗ ಯಾವ ಕ್ಲಬ್ಬಿಗೂ ಸಿಕ್ಕಿರಲಿಲ್ಲ.

ಕಠ್ಮಂಡುವಿನಲ್ಲಿ ವಲಯದ ಸಮಾವೇಶಕ್ಕೆ ಒಂದು ತಿಂಗಳಿತ್ತು. ಅಷ್ಟರೊಳಗೆ ರಾಂಪುರದಲ್ಲೂ ಒಂದು ಕ್ಲಬ್ ಆಗಲಿ, ಅದಕ್ಕೆ ಮೊಳಕಾಲ್ಮೂರೇ ಪ್ರಾಯೋಜಕ ಕ್ಲಬ್ ಆಗಲಿ ಎಂದರು ನಿರ್ದೇಶಕರು. ಒಂದು ಕ್ಲಬ್ ಇನ್ನೊಂದನ್ನು ಹೆರುವುದು ಎಂದು ಅವರು ಇದಕ್ಕೆ ಹೇಳುತ್ತಿದ್ದರು. ಶುಕ್ರವಾರವೇ ನಾನು ಬಳ್ಳಾರಿ ರಸ್ತೆ ಹಿಡಿದು ರಾಂಪುರಕ್ಕೆ ಹೋದೆ.

ಶನಿವಾರ ಹನ್ನೊಂದಕ್ಕೆ ರಾಂಪುರದ ಅಂಗಡಿಯೊಂದರ ಮಹಡಿಯಲ್ಲಿ ಮೊದಲ ಸಭೆ. ಹದಿನಾಲ್ಕು ಜನ ಬಂದಿದ್ದರು. ನಾನು ಮಾತಾಡುತ್ತಿದ್ದಾಗ ಮೇಜಿನ ಮೇಲಿದ್ದ ಫೋನು ಸದ್ದಿಲ್ಲದೆ ನಡುಗಿತು. ಪರಿಚಯವಿಲ್ಲದ ನಂಬರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನಡುಗಿತು. ಫೋನನ್ನು ಮಗುಚಿ ಇಟ್ಟು ಮಾತು ಮುಂದುವರಿಸಿದೆ. ಆ ದಿನವೇ ಶಿಕ್ಷಕಿಯೂ ಸಂದೇಶ ಕಳಿಸಿದರು. ಸೋಮವಾರ ತಮ್ಮ ಶಾಲೆಯಲ್ಲಿ ಪರೀಕ್ಷೆ, ತಮ್ಮನ್ನು ಬೇರೆ ಊರಿಗೆ ಪರೀಕ್ಷಾ ಕೆಲಸಕ್ಕೆ ಹಾಕಿದ್ದಾರೆ, ತಪಾಸಣೆಗೆ ಬೇರೆ ಜಾಗ ನೋಡಿ ಎಂದು. ಅಧ್ಯಕ್ಷರಿಗೆ ಗೊತ್ತಿದ್ದ ಕಲ್ಯಾಣ ಮಂಟಪವೊಂದು ಖಾಲಿ ಇತ್ತು. ಜಾಗ ಬದಲಾಗಿದೆ, ಎಲ್ಲರಿಗೂ ತಿಳಿಸಿ ಎಂದು ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಹನ್ನೊಂದು ಹೆಬ್ಬೆರಳು ಬಂದವು. ಆ ಗುಂಪಿನಲ್ಲಿ ಇದ್ದವರು ಸದಸ್ಯರು ಮಾತ್ರ. ಕಣ್ಣಿನವರು ಒಬ್ಬರೂ ಇರಲಿಲ್ಲ.

ಸೋಮವಾರ ನಾನು ಮೊಳಕಾಲ್ಮೂರಿನಲ್ಲಿ ಇರಬೇಕಿತ್ತು. ಇರಲಿಲ್ಲ. ನಿರ್ದೇಶಕರು ಅಂದು ಹನ್ನೊಂದಕ್ಕೆ ಆರು ದೇಶಗಳ ಸಂಯೋಜಕರನ್ನು ಪರದೆಯ ಮೇಲೆ ಕರೆದಿದ್ದರು. ಸಣ್ಣ ಊರಿನಲ್ಲಿ ನಲವತ್ತೇ ದಿನದಲ್ಲಿ ಕ್ಲಬ್ ಕಟ್ಟಿದ ಬಗೆಯನ್ನು ನಾನು ವಿವರಿಸಬೇಕಿತ್ತು. ಚಳ್ಳಕೆರೆಯ ನಮ್ಮ ಪುಟ್ಟ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತೆ. ಢಾಕಾದವರು ಪ್ರಶ್ನೆ ಕೇಳಿದರು. ಪೋಖರಾದ ಹೆಂಗಸೊಬ್ಬರು ನನ್ನ ಮಾತನ್ನು ಬರೆದುಕೊಂಡರು. ಹಸಿರು ಪಟ್ಟಿಯವರ ಫೋಟೊ ಪರದೆ ತುಂಬ ಬಂದಾಗ ಚಪ್ಪಾಳೆಯ ಚಿತ್ರಗಳು ಮೇಲೆ ತೇಲಿದವು.

ಸಂಜೆ ಅಧ್ಯಕ್ಷರು ಗುಂಪಿನಲ್ಲಿ ಒಂದು ಹಾಳೆಯ ಫೋಟೊ ಹಾಕಿದರು. ಸುದ್ದಿ ತಲುಪಿದ ಹತ್ತೊಂಬತ್ತು ಮಂದಿ ತಪಾಸಣೆಗೆ ಬಂದಿದ್ದರು. ಬಾರದ ಹದಿಮೂರು ಮಂದಿಯ ಹೆಸರು ಆ ಹಾಳೆಯಲ್ಲಿತ್ತು. ಅದಕ್ಕೆ ನಾನೂ ಒಂದು ಹೆಬ್ಬೆರಳು ಒತ್ತಿದೆ.

ಹನ್ನೆರಡನೆಯ ದಿನ ಮತ್ತೆ ಮೊಳಕಾಲ್ಮೂರಿಗೆ ಹೋದೆ. ಸಮಾವೇಶದಲ್ಲಿ ತೋರಿಸಲು ನಿರ್ದೇಶಕರಿಗೆ ಒಂದು ಫೋಟೊ ಬೇಕಿತ್ತು. ದೃಷ್ಟಿ ಮರಳಿ ಬಂದ ನೇಕಾರ ಹೆಂಗಸು ಮಗ್ಗದ ಮುಂದೆ ಕೂತಿರಬೇಕು. ನನಗೆ ನೆನಪಾದದ್ದು ಆ ಅಕ್ಕನೇ. ಅವರ ಬೀದಿಯಲ್ಲಿ ಮನೆಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಅವರ ಬಾಗಿಲಿಗೆ ಬಂದಾಗ ಆ ಮನೆಯೊಂದರಿಂದ ಮಾತ್ರ ಸದ್ದು ಇರಲಿಲ್ಲ.

ಗಂಡ ಬಾಗಿಲಲ್ಲಿ ನಿಂತು ನನ್ನನ್ನೂ ನನ್ನ ಕೈಯಲ್ಲಿದ್ದ ಕ್ಯಾಮೆರಾವನ್ನೂ ನೋಡಿದರು. ಪಕ್ಕಕ್ಕೆ ಸರಿದರು. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನ ದನಿ ಕೇಳಿ ಎದ್ದು ಕೂತರು. ಬಲಗಣ್ಣು ಊದಿ ಮುಚ್ಚಿತ್ತು. ರೆಪ್ಪೆಯ ಅಂಚಿನಿಂದ ಕೀವು ಒಸರಿ ಕೆನ್ನೆಯ ಮೇಲೆ ಒಣಗಿತ್ತು.

"ಫೋನ್ ಮಾಡಿದ್ದೆ ಸಾಬ್ರೆ," ಎಂದರು.

ಬಯ್ಯುವ ದನಿಯಲ್ಲ. ಸುದ್ದಿ ಹೇಳಿದ ಹಾಗೆ.

"ಯಾವಾಗಕ್ಕಾ?"

"ಶನಿವಾರ. ಬೆಳಿಗ್ಗೇನೇ ಒಂದೇ ಸಮ ಸಿಡೀತಿತ್ತು. ಪಕ್ಕದ್ಮನೆ ಫೋನಿಂದ ಎರಡ್ಸಲ ಮಾಡ್ದೆ. ಭಾನುವಾರ ಇನ್ನೊಂದ್ಸಲ. ಎತ್ಲಿಲ್ಲ ನೀವು. ಕೆಲಸದಾಗೆ ಇರ್ತೀರಿ ಅಂದ್ಕೊಂಡೆ."

ಗಂಡ ಮುಂದುವರಿಸಿದರು. ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಟ್ಟಿದ್ದರು. ಸೋಮವಾರ ಡಾಕ್ಟರೇ ಬರುತ್ತಾರಲ್ಲ ಎಂದು ಎರಡು ದಿನ ತಡೆದಿದ್ದರು. ಸೋಮವಾರ ಹನ್ನೊಂದಕ್ಕೆ ಶಾಲೆಗೆ ಹೋದರೆ ಗೇಟು ಮುಚ್ಚಿತ್ತು. ಒಳಗೆ ಪರೀಕ್ಷೆ. ಕಾವಲಿಗಿದ್ದ ಜವಾನ, ಇವತ್ತು ಇಲ್ಲೇನೂ ಇಲ್ಲಮ್ಮ ಎಂದನಂತೆ. ಕಾರ್ಡು ಹಿಡಿದುಕೊಂಡು ಬಿಸಿಲಿನಲ್ಲಿ ಒಂದು ಗಂಟೆ ನಿಂತು ಬಂದರಂತೆ. "ಹಂಗಾದ್ರೆ ಬಂದಿಲ್ವೇನೋ ಅವ್ರು, ನಾಳೆ ಬರ್ತಾರೇನೋ ಅಂತ ಇವ್ಳು," ಎಂದರು. "ಮಂಗಳವಾರಾನೂ ಹೋಗಿ ನಿಂತ್ಕೊಂಡಿದ್ವಿ. ಆಮೇಲೆ ಎಲ್ಲಿಗ್ ಹೋಗ್ಬೇಕೋ ತಿಳೀಲಿಲ್ಲ."

ಆ ಸೋಮವಾರದ ಹನ್ನೊಂದರಿಂದ ಹನ್ನೆರಡರವರೆಗೆ ನಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂಬುದು ನನಗೆ ನಿಮಿಷ ನಿಮಿಷವೂ ಗೊತ್ತಿತ್ತು.

ಮೆಕ್ಯಾನಿಕ್‌ಗೆ ಫೋನು ಮಾಡಿದೆ. ಹತ್ತು ನಿಮಿಷದಲ್ಲಿ ವ್ಯಾನು ತಂದ. ಮೂರು ಗಂಟೆಯ ದಾರಿಯನ್ನು ಎರಡೂಕಾಲು ಗಂಟೆಯಲ್ಲಿ ಮುಗಿಸಿದ. ಅಕ್ಕ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದರು, ಒಂದು ಸಲವೂ ನರಳಲಿಲ್ಲ. ಆಸ್ಪತ್ರೆಯಲ್ಲಿ ಕೂಡಲೇ ಒಳಗೆ ಕರೆದುಕೊಂಡರು. ಕಣ್ಣಿನೊಳಗೇ ಸೂಜಿಮದ್ದು ಕೊಟ್ಟರು. ಮರುದಿನ ಮತ್ತೊಂದು ಶಸ್ತ್ರಚಿಕಿತ್ಸೆ. ಮೂರನೆಯ ದಿನ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದರು.

"ಕಣ್ಣುಗುಡ್ಡೆ ಉಳಿಯುತ್ತೆ. ದೃಷ್ಟಿ ಬರಲ್ಲ. ಈ ಸೋಂಕು ಅಪರೂಪ, ಎಷ್ಟೇ ಎಚ್ಚರ ವಹಿಸಿದರೂ ಎಲ್ಲೋ ಒಬ್ಬರಿಗೆ ಆಗುತ್ತೆ. ಆದರೆ ನೋವು ಶುರುವಾದ ದಿನವೇ ಬಂದಿದ್ದರೆ ಉಳಿಸೋಕೆ ನೋಡಬಹುದಿತ್ತು. ನೋವು ಬಂದರೆ ಫೋನ್ ಮಾಡಿ ಅಂತ ನೀವು ಇವರಿಗೆ ಹೇಳಿರಲಿಲ್ಲವೇ?"

"ಹೇಳಿದ್ದೆ," ಎಂದೆ. "ಮಾಡಿದ್ದರು."

ಹೊರಗೆ ಬೆಂಚಿನ ಮೇಲೆ ಕೂತು ಫೋನು ತೆರೆದೆ. ಶನಿವಾರದ ಎರಡು ಕರೆ, ಭಾನುವಾರದ್ದೊಂದು. ಮೂರೂ ಕೆಂಪು ಬಣ್ಣದಲ್ಲಿದ್ದವು. ಭಾನುವಾರ ನಾನು ಮನೆಯಲ್ಲಿ ಚಹಾ ಕುಡಿಯುತ್ತಾ ಪೇಪರು ಓದುತ್ತಿದ್ದೆ. ಯಾರದು ಎಂದು ಅಮ್ಮಿ ಕೇಳಿದ್ದು, ಯಾರೋ ಎಂದು ನಾನು ಹೇಳಿದ್ದು ನೆನಪಾಯಿತು.

ಅಕ್ಕನಿಗೆ ವಿಷಯ ತಿಳಿಸಿದ್ದು ಅವರ ಗಂಡ. ತೆಲುಗಿನಲ್ಲಿ ನಾಲ್ಕು ಮಾತು ಹೇಳಿದರು. ಅಕ್ಕ, "ಪೋನಿಲೇ," ಎಂದರು. ಹೋಗಲಿ ಬಿಡು ಎಂದರ್ಥ. ಆಮೇಲೆ ಅಳುತ್ತಿದ್ದದ್ದು ಗಂಡ.

ಆಗ ನನಗೆ ಆ ಹಾಳೆ ನೆನಪಾಯಿತು. ಬಾರದವರು ಹದಿಮೂರು ಮಂದಿ. ಒಬ್ಬರು ಇಲ್ಲಿದ್ದಾರೆ, ಉಳಿದ ಹನ್ನೆರಡು ಮಂದಿ ಏನಾದರು? ಆಸ್ಪತ್ರೆಯ ಬೆಂಚಿನಿಂದಲೇ ಒಬ್ಬೊಬ್ಬ ಸದಸ್ಯರಿಗೂ ಫೋನು ಮಾಡಿದೆ. ಇಪ್ಪತ್ತರಲ್ಲಿ ನಾಲ್ವರು ಎತ್ತಲಿಲ್ಲ. ಹತ್ತು ಮಂದಿಗೆ ಕೆಲಸವಿತ್ತು. ನಾಳೆ ಬೆಳಗ್ಗೆ ಬಸ್ ನಿಲ್ದಾಣಕ್ಕೆ ಬರುತ್ತೇನೆ ಎಂದವರು ಆರು ಮಂದಿ.

ಬೆಳಗ್ಗೆ ಶಿಕ್ಷಕಿ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದರು. ಅವರಿಗೆ ಗೇಟಿನ ವಿಷಯ ತಿಳಿದಿತ್ತು.

"ನಮ್ ಶಾಲೆ ಗೇಟು ಅದು," ಎಂದರು. "ಒಂದು ಚೀಟಿ ಅಂಟಿಸಿ ಹೋಗಿದ್ರೆ ಸಾಕಿತ್ತು. ನನಗ್ಯಾಕೆ ಹೊಳೀಲಿಲ್ಲ ಸಾಬ್ರೆ?"

ಆ ಆರು ಜನ, ಜೊತೆಗೆ ನಾನು, ಮೂರು ದಾರಿ ಹಿಡಿದೆವು. ಪ್ರತಿ ಮನೆಯಲ್ಲೂ ಒಂದೇ ಕ್ರಮ. ಕೈ ತೊಳೆದು, ಟಾರ್ಚಿನಿಂದ ಕಣ್ಣು ನೋಡುವುದು, ಎರಡು ಬೆರಳು ತೋರಿಸಿ ಎಷ್ಟು ಎಂದು ಕೇಳುವುದು, ಹನಿಯ ಬಾಟಲಿ ತರಿಸಿ ನೋಡುವುದು, ಅಲ್ಲಿಂದಲೇ ಆಸ್ಪತ್ರೆಗೆ ಫೋನು ಮಾಡುವುದು. ಹತ್ತು ಮಂದಿ ಚೆನ್ನಾಗಿದ್ದರು. ಅವರಲ್ಲಿ ಐವರು ಸೋಮವಾರ ಶಾಲೆಯ ಗೇಟಿನವರೆಗೆ ಹೋಗಿ ಮರಳಿದವರೇ. ಒಬ್ಬಾಕೆ ಬಾಟಲಿ ಖಾಲಿಯಾದ ಮೇಲೆ ಹನಿ ಬಿಡುವುದನ್ನೇ ನಿಲ್ಲಿಸಿದ್ದಳು. ಹೊಸದು ತರಿಸಿಕೊಟ್ಟೆವು.

ಹನ್ನೆರಡನೆಯವನು ದೇವಸಮುದ್ರದ ಕಡೆಯ ಕುರಿ ಕಾಯುವ ಮುದುಕ. ಹಳ್ಳಿಯಿಂದ ಎರಡು ಮೈಲಿ ಆಚೆ ಕುರಿ ಮೇಯಿಸುತ್ತಿದ್ದ. ನಾನೂ ಮೆಕ್ಯಾನಿಕ್ಕೂ ಕುರುಚಲು ಗಿಡಗಳ ನಡುವೆ ನಡೆದು ಅವನನ್ನು ಹುಡುಕಿದೆವು. ಕಣ್ಣು ಕೆಂಪಗಿತ್ತು.

"ಎರಡ್ ದಿನದಿಂದ ಚುಚ್ತೈತೆ ಕಣಪ್ಪ," ಎಂದ. ಸೊಂಟದ ಚೀಲದಿಂದ ಬಾಟಲಿ ತೆಗೆದ. "ಔಷಧಿ ಬಾಳ ಒಳ್ಳೇದು. ಆ ಕುರಿಗೂ ಕಣ್ಣಾಗೆ ನೀರು ಸೋರ್ತಿತ್ತು. ಅದ್ಕೂ ಎರಡೆರಡು ಹನಿ ಬಿಟ್ಟೀನಿ."

ಬಾಟಲಿಯ ಮೂತಿಗೆ ಕುರಿಯ ಉಣ್ಣೆ ಅಂಟಿತ್ತು. ಮೆಕ್ಯಾನಿಕ್ ನನ್ನ ಮುಖ ನೋಡಿದ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವೇನೋ.

"ಕುರಿ ಬಿಟ್ಟು ಹೆಂಗ್ ಬರ್ಲಿ?" ಎಂದ ಮುದುಕ. ಮೆಕ್ಯಾನಿಕ್ ಅಂಗಿಯ ತೋಳು ಮಡಚಿ, "ನಾನ್ ನೋಡ್ಕೋತೀನಿ ತಾತ, ನೀನ್ ಹೋಗು," ಎಂದು ಕೋಲು ಇಸಿದುಕೊಂಡ. ವ್ಯಾನನ್ನು ನಾನು ಓಡಿಸಿದೆ. ಮುದುಕನ ಕಣ್ಣು ಉಳಿಯಿತು. ಸೋಂಕು ಒಳಗೆ ಇಳಿದಿರಲಿಲ್ಲ, ಇನ್ನೆರಡು ದಿನ ಕಳೆದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ವೈದ್ಯರು. ಸಮಾಧಾನವಾಗಬೇಕಿತ್ತು. ನನಗೆ ಅನಿಸಿದ್ದು ಬೇರೆ. ಹುಡುಕಿಕೊಂಡು ಹೋದರೆ ಉಳಿಯುತ್ತದೆ ಎಂಬುದು ಖಾತ್ರಿಯಾಗಿತ್ತು. ಇನ್ನು ನನಗೆ ಯಾವ ನೆಪವೂ ಉಳಿದಿರಲಿಲ್ಲ.

ಅಷ್ಟರಲ್ಲಿ ರಾಂಪುರದ ಇಪ್ಪತ್ತು ಸಹಿಗಳೂ ಮುಗಿದು, ಅರ್ಜಿ ನನ್ನ ಮೇಜಿಗೆ ಬಂದಿತ್ತು. ಕೊನೆಯ ಪುಟದಲ್ಲಿ ಒಂದು ಸಾಲು: ಪ್ರಾಯೋಜಕ ಕ್ಲಬ್ ಸಮರ್ಥವಾಗಿ ಕಾರ್ಯನಿರ್ವಹಿಸುತ್ತಿದೆ ಎಂದು ನಾನು ಖುದ್ದಾಗಿ ಪರಿಶೀಲಿಸಿದ್ದೇನೆ. ಕೆಳಗೆ ಸಂಯೋಜಕನ ಸಹಿ. ಆ ಸಾಲಿನ ಕೆಳಗೆ ನಾನು ಹಿಂದೆ ಎಷ್ಟೋ ಸಲ ಓದದೆಯೇ ಸಹಿ ಹಾಕಿದ್ದೆ. ಈ ಸಲ ಹಾಕಲಾಗಲಿಲ್ಲ. ಎರಡು ದಿನ ಅರ್ಜಿ ಹಾಗೆಯೇ ಇತ್ತು.

ಮೊಳಕಾಲ್ಮೂರಿನ ಅಧ್ಯಕ್ಷರು ಚಳ್ಳಕೆರೆಗೇ ಬಂದರು. ಕೆಟ್ಟ ಮನುಷ್ಯರಲ್ಲ. ಆಸ್ಪತ್ರೆಗೆ ಹೋಗಿ ಅಕ್ಕನನ್ನು ನೋಡಿ ಬಂದಿದ್ದರು.

"ಕಣ್ಣು ಹೋಗಿದ್ದು ಸೋಂಕಿನಿಂದ. ಡಾಕ್ಟ್ರೇ ಹೇಳವ್ರೆ. ನಾವ್ಯಾಕ್ರಿ ಮೈಮೇಲೆ ಎಳ್ಕೋಬೇಕು?" ಎಂದರು. "ಮೂವತ್ತೊಂದು ಜನಕ್ಕೆ ಕಣ್ಣು ಬಂದೈತಲ್ರಿ, ಅದು ಲೆಕ್ಕಕ್ಕಿಲ್ವಾ?"

"ಐತೆ ಸಾರ್. ಆದ್ರೆ ಅವರನ್ನ ನೋಡ್ಕೊಂಡಿದ್ದು ಕ್ಲಬ್ ಅಲ್ಲ. ಅವರ ಅದೃಷ್ಟ."

ಆ ಮಧ್ಯಾಹ್ನ ಕೊಲಂಬೊಗೆ ಫೋನು ಮಾಡಿದೆ. ನಿರ್ದೇಶಕರು ಪೂರ್ತಿ ಕೇಳಿಸಿಕೊಂಡರು. ಅವರು ಗದರುತ್ತಾರೆ ಎಂದುಕೊಂಡಿದ್ದೆ. ಗದರಲಿಲ್ಲ. ರಾಂಪುರದ ಅರ್ಜಿ ಕಳಿಸಿ, ಈ ದುರದೃಷ್ಟದ ಸಂಗತಿಯನ್ನು ಬೇರೆಯೇ ಒಂದು ಟಿಪ್ಪಣಿಯಲ್ಲಿ ಬರೆಯೋಣ ಎಂದರು.

"ಎರಡೂ ಒಂದೇ ಸಂಗತಿ ಸಾರ್," ಎಂದೆ. "ರಾಂಪುರಕ್ಕೆ ಹೋಗಿದ್ದರಿಂದಲೇ ನಾನು ಫೋನು ಎತ್ತಲಿಲ್ಲ."

"ನೀವು ದಣಿದಿದ್ದೀರಿ."

"ಇಲ್ಲ ಸಾರ್. ಸಹಿ ಹಾಕಲ್ಲ."

ಮೂರು ಪುಟದ ವರದಿ ಬರೆದೆ. ಶಿಬಿರದ ದಿನ, ಕರೆಗಳು ಬಂದ ದಿನ, ಜಾಗ ಬದಲಾದದ್ದು, ಗುಂಪಿನಲ್ಲಿ ಹಾಕಿದ ಸಂದೇಶ, ಹದಿಮೂರು ಹೆಸರಿನ ಹಾಳೆ. "ಕರೆ ಸ್ವೀಕರಿಸಲಾಗಲಿಲ್ಲ" ಎಂದು ಮೊದಲು ಬರೆದಿದ್ದೆ. ಅದನ್ನು ಹೊಡೆದು "ನಾನು ಸ್ವೀಕರಿಸಲಿಲ್ಲ" ಎಂದು ತಿದ್ದಿದೆ. ಮೊಳಕಾಲ್ಮೂರಿನಲ್ಲಿ ಇರುವುದು ಇಪ್ಪತ್ತು ಜನರ ಕ್ಲಬ್ಬಲ್ಲ, ಆರು ಜನರದು, ಆ ಆರು ಜನಕ್ಕೆ ಒಂದು ವರ್ಷ ಬೇರೆ ಯಾವ ಊರನ್ನೂ ಕಟ್ಟಬೇಡಿ ಎಂದು ಕೊನೆಯಲ್ಲಿ ಬರೆದೆ. ವಲಯದ ಎಲ್ಲ ಸಂಯೋಜಕರಿಗೂ ಪ್ರತಿ ಕಳಿಸಿದೆ.

ಯಾರೂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ವಿಸ್ತರಣೆಯಿಂದ ಬಿಡಿಸಿ, ಇರುವ ಕ್ಲಬ್ಬುಗಳ ಕಡತ ನೋಡಿಕೊಳ್ಳಲು ಹಾಕಿದರು. ರಾಂಪುರದ ಅರ್ಜಿ ನಿಂತಿತು. ಸಮಾವೇಶ ಮುಗಿದು ಕೆಲವು ತಿಂಗಳ ಮೇಲೆ ಹೊಸ ಅರ್ಜಿ ನಮೂನೆ ಬಂತು. ಅದರಲ್ಲಿ ಒಂದು ಸಾಲು ಹೆಚ್ಚಾಗಿತ್ತು: ಚಿಕಿತ್ಸೆಯ ನಂತರ ಪ್ರತಿಯೊಬ್ಬರನ್ನೂ ಮನೆಗೆ ಹೋಗಿ ನೋಡುವ ವ್ಯಕ್ತಿಯ ಹೆಸರು ಮತ್ತು ಸಹಿ. ನಿರ್ದೇಶಕರೇ ಅದನ್ನು ಸೇರಿಸಿದ್ದರು ಎಂದು ಆಮೇಲೆ ತಿಳಿಯಿತು. ನಾನು ಎಂದೂ ನೋಡದ ಊರುಗಳಲ್ಲಿ, ನನಗೆ ಓದಲು ಬಾರದ ಲಿಪಿಗಳಲ್ಲಿ ಜನ ಆ ಸಾಲಿನಲ್ಲಿ ಹೆಸರು ಬರೆಯುತ್ತಿದ್ದಾರೆ. ಅದು ಯಾರ ಕಣ್ಣಿನಿಂದ ಬಂದ ಸಾಲು ಎಂದು ಅವರಿಗೆ ಗೊತ್ತಿಲ್ಲ.

ನನ್ನ ಪಾಡು ಮಾತ್ರ ಸರಿಹೋಗಲಿಲ್ಲ. ಪರಿಚಯವಿಲ್ಲದ ನಂಬರು ಬಂದರೆ ಎಲ್ಲಿದ್ದರೂ ಎತ್ತುತ್ತೇನೆ. ಸಾಲ ಬೇಕೇ ಎಂದು ಕೇಳುವವರು, ತಪ್ಪು ನಂಬರಿನವರು, ಯಾರೇ ಆಗಲಿ, ಪೂರ್ತಿ ಕೇಳಿಸಿಕೊಂಡೇ ಇಡುತ್ತೇನೆ. ಒಮ್ಮೊಮ್ಮೆ ಫೋನು ನಡುಗಿತೆಂದು ಜೇಬಿಗೆ ಕೈ ಹಾಕುತ್ತೇನೆ, ಏನೂ ಬಂದಿರುವುದಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಸೀರೆಯ ಅಂಚು ಕಂಡರೆ, ಅದು ಕೆಂಪೋ ಕಂದೋ ಎಂದು ದಿಟ್ಟಿಸುತ್ತಾ ಕೂರುತ್ತೇನೆ.

ಅಕ್ಕನ ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಹಣ್ಣು, ಬ್ರೆಡ್ಡು ಒಯ್ಯುತ್ತಿದ್ದೆ. ಅವರು ಮಗ್ಗ ಬಿಟ್ಟು, ಮುಟ್ಟಿ ನೋಡಿಕೊಂಡು ಕಂಡಿಕೆಗೆ ನೂಲು ಸುತ್ತುವ ಕೆಲಸ ಮಾಡುತ್ತಿದ್ದರು. ಎಡಗಣ್ಣಿನಲ್ಲೂ ಪೊರೆ ಬೆಳೆಯುತ್ತಿತ್ತು. ನಾನು ಚಾಪೆಯ ಮೇಲೆ ಕೂರುತ್ತಿದ್ದೆ. ಅವರು ಚಹಾ ಮಾಡಿಸುತ್ತಿದ್ದರು. ಹಾಗೆ ನಾಲ್ಕು ತಿಂಗಳು ಕಳೆಯಿತು. ಒಂದು ದಿನ ಸುತ್ತುತ್ತಿದ್ದ ಕೈ ನಿಲ್ಲಿಸಿ ಕೇಳಿದರು.

"ನೀವ್ಯಾಕೆ ಬರ್ತೀರಿ ಸಾಬ್ರೆ?"

"ಹಿಂಗೇ ಅಕ್ಕಾ. ನೋಡಿ ಹೋಗೋಣಾಂತ."

"ನೋಡಿ ಹೋದ್ರೆ ನಿಮ್ಗೆ ಹಗುರಾಗ್ತೈತೆ. ನನಗಾಗಲ್ಲ." ದನಿ ಏರಿರಲಿಲ್ಲ. "ಉಳಿದ್ ದಿನ ಎಲ್ಲ ಮರ್ತು ಕೆಲಸ ಮಾಡ್ಕೊಂಡಿರ್ತೀನಿ. ನೀವ್ ಬಂದ್ ಕೂತ್ರೆ ಆ ಗೇಟು ಮುಂದೆ ನಿಂತಿದ್ದು ಮತ್ತೆ ನೆನಪಾಗ್ತೈತೆ. ಬರಬ್ಯಾಡ್ರಿ ಇನ್ನ."

ಗಂಡ ಏನೋ ಹೇಳಲು ಹೋದರು. ಅಕ್ಕ ಕೈ ಎತ್ತಿ ತಡೆದರು. ನಾನು ಚಹಾದ ಲೋಟವನ್ನು ಹೊಸಿಲ ಪಕ್ಕ ಇಟ್ಟು ಹೊರಬಂದೆ. ಆಮೇಲೆ ಆ ಬೀದಿಗೆ ಹೋಗಿಲ್ಲ.

ಒಂದು ವರ್ಷ ದಾಟಿದ ಮೇಲೆ, ಕಡತದ ಕೆಲಸಕ್ಕೆ ಶಿಕ್ಷಕಿಯ ಮನೆಗೆ ಹೋಗಿದ್ದೆ. ಆ ಆರು ಜನ ಈಗ ಒಂಬತ್ತಾಗಿದ್ದರು. ಮಾನ್ಯತೆಗೆ ಅಷ್ಟು ಜನ ಸಾಲದು, ಆದರೂ ತಿಂಗಳಿಗೊಮ್ಮೆ ಮನೆಮನೆ ತಿರುಗುತ್ತಿದ್ದರು. ಶಿಕ್ಷಕಿ ಕಡತ ಮುಚ್ಚಿ ಹೇಳಿದರು.

"ಆ ಅಕ್ಕ ಎಡಗಣ್ಣಿಗೆ ಮಾಡಿಸ್ಕೊಂಡ್ರು ಸಾಬ್ರೆ. ತಾವೇ ಬಂದು ಕೇಳಿದ್ರು. ನಾನೂ ಮೆಕ್ಯಾನಿಕ್ಕೂ ಜೊತೆಗೆ ಹೋಗಿದ್ವಿ. ನಲವತ್ತು ದಿನ ದಿನಾ ಹೋಗಿ ನೋಡಿದ್ವಿ. ಚೆನ್ನಾಗಾಗೈತೆ."

"ನನಗೆ ಯಾರೂ ಹೇಳ್ಲಿಲ್ಲ."

"ಹೇಳಬ್ಯಾಡ್ರಿ ಅಂದಿದ್ರು."

ಅಲ್ಲಿಂದ ಬಸ್ ನಿಲ್ದಾಣಕ್ಕೆ ನಡೆದು ಬಂದೆ. ಮಧ್ಯಾಹ್ನದ ಬಿಸಿಲು, ಸಂತೆಯ ಜನ, ನಡುವೆ ಮೂರು ಬಸ್ಸು ನಿಂತಿದ್ದವು. ಚಹಾದಂಗಡಿಯ ನೆರಳಿನಲ್ಲಿ ನಿಂತಿದ್ದಾಗ, ನಿಲ್ದಾಣದ ಆ ತುದಿಯಲ್ಲಿ ಅಕ್ಕನೂ ಗಂಡನೂ ಕಂಡರು. ಗಂಡನ ಕಂಕುಳಲ್ಲಿ ಬಟ್ಟೆಯ ಗಂಟು. ಅಕ್ಕ ತಲೆಯೆತ್ತಿ ಆಚೀಚೆ ನೋಡುತ್ತಿದ್ದವರು ಒಮ್ಮೆಲೇ ನಿಂತರು. ನನ್ನನ್ನೇ ನೋಡುತ್ತಿದ್ದರು. ನಾನು ಕೈ ಎತ್ತಲು ಹೋಗಿ ಅರ್ಧಕ್ಕೇ ಇಳಿಸಿದೆ.

ಅವರು ಗಂಡನಿಗೆ ಏನೋ ಹೇಳಿದರು. ಗಂಡ ತಿರುಗಿ, ಹಣೆಗೆ ಕೈ ಅಡ್ಡ ಹಿಡಿದು, ಅಷ್ಟು ಜನರ ನಡುವೆ ಹುಡುಕಿದರು. ಅವರಿಗೆ ನಾನು ಸಿಗಲಿಲ್ಲ. ಆಗ ಅಕ್ಕ ಕೈ ಚಾಚಿ ಬೆರಳು ತೋರಿಸಿದರು. ಮೂರು ಬಸ್ಸು, ನೂರಾರು ತಲೆಗಳನ್ನು ದಾಟಿ ಬಂದ ಆ ಬೆರಳು ಎಳೆಯಷ್ಟೂ ಆಚೀಚೆ ಆಗಿರಲಿಲ್ಲ. ನೇರ ನನ್ನತ್ತ ಇತ್ತು.